ಮಕ್ಕಳ ಉಸಿರು ಮತ್ತು ಮುಖದ ಅಳತೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂಬುದು ಶ್ರೋತೃಗಳಿಗೆ ತಿಳಿದೇ ಇದೆ. ಅಲ್ಲಿ ಕಡೆಯುವ ವಿಗ್ರಹಗಳ ತುಟಿಗಳು ಮೃದುವಾಗಿ ಕೂಡಿಕೊಂಡಿರುತ್ತವೆ. ಉಗ್ರನರಸಿಂಹನ ಮಾತು ಬೇರೆ. ತಾಳಮಾನದ ಲೆಕ್ಕದಲ್ಲಿ ಮುಖಕ್ಕೆ ೧೨ ಅಂಗುಲ: ಕೂದಲಂಚಿನಿಂದ ಹುಬ್ಬಿಗೆ ೪, ಹುಬ್ಬಿನಿಂದ ಮೂಗಿನ ತುದಿಗೆ ೪, ಅಲ್ಲಿಂದ ಗಲ್ಲಕ್ಕೆ ೪. ಈ ಕಡೆಯ ನಾಲ್ಕಂಗುಲವೇ ನಮ್ಮ ಇಂದಿನ ವಿಷಯ. ಕಲ್ಲಿನಲ್ಲಿ ಅದನ್ನು ಶಿಲ್ಪಿ ನಿಶ್ಚಯಿಸುತ್ತಾನೆ. ಮಗುವಿನಲ್ಲಿ ವಂಶಗುಣದೊಡನೆ ಉಸಿರಾಟವೂ ಕೈಹಾಕುತ್ತದೆ.

ಹಲ್ಲಿನ ಮಾತೆತ್ತಿದೊಡನೆ ಕೋಲಾರದ ಕಡೆಯವರು ಕೊಳವೆಬಾವಿಯ ಫ್ಲೋರೈಡನ್ನು ನೆನೆಯುವುದು ಸಹಜ. ಅದು ಹಲ್ಲಿನ ಬಣ್ಣವನ್ನು ಕೆಡಿಸತಕ್ಕದ್ದು. ನಾವು ಹೇಳುವುದು ಹಲ್ಲು ನಿಲ್ಲುವ ಎಡೆಯನ್ನು ಕುರಿತು.

ಮೂಗಿನಿಂದ ಉಸಿರಾಡುವ ಮಗುವಿನ ತುಟಿ ಮುಚ್ಚಿರುತ್ತದೆ, ನಾಲಗೆ ಅಂಗುಳಿಗೆ ತಾಗಿರುತ್ತದೆ. ಕೆನ್ನೆಗಳು ಹೊರಗಿನಿಂದ ಹಲ್ಲಿನ ಸಾಲನ್ನು ಒತ್ತಿದರೆ ನಾಲಗೆ ಒಳಗಿನಿಂದ ಆಸರೆಯಾಗುತ್ತದೆ. ಮೂಗು ಕಟ್ಟಿದಾಗ ಬಾಯಿ ತೆರೆಯುತ್ತದೆ, ನಾಲಗೆ ಕೆಳಗಿಳಿಯುತ್ತದೆ. ಹೀಗೆಯೇ ವರ್ಷಗಳು ಕಳೆದರೆ ಆಸರೆ ತಪ್ಪಿದ ಮೇಲ್ದವಡೆ ಕಿರಿದಾಗಿ, ಅಂಗುಳು ಕಮಾನಿನಂತೆ ಮೇಲೇರಿ, ಹಲ್ಲುಗಳು ಒಂದರ ಮೇಲೊಂದು ಬರಬಹುದು. ಕೆಳದವಡೆ ಇಳಿದು ಮುಖ ಉದ್ದವಾಗಬಹುದು. ಹಾರ್ವೊಲ್ಡ್ ಎಂಬ ವಿದ್ವಾಂಸರು ೧೯೭೦ರ ದಶಕದಲ್ಲಿ ಎಳೆಯ ಕೋತಿಗಳ ಮೂಗನ್ನು ಮುಚ್ಚಿ ಪರೀಕ್ಷಿಸಿದಾಗ ಅವುಗಳ ಹಲ್ಲಿನ ಸಾಲು ಕೆಟ್ಟಿತು. ಆದರೆ ಎಲ್ಲವೂ ಒಂದೇ ಬಗೆಯಾಗಿ ಕೆಡಲಿಲ್ಲವೆಂಬುದನ್ನೂ ಮರೆಯಲಾಗದು.

ಇನ್ನು ನುಂಗುವಿಕೆ. ಹಸುಗೂಸು ನಾಲಗೆಯನ್ನು ಒಸಡುಗಳ ನಡುವೆ ಚಾಚಿ ನುಂಗುತ್ತದೆ. ಹಲ್ಲು ಬಂದ ಮೇಲೆ ಈ ರೂಢಿ ಕ್ರಮೇಣ ಬದಲಾಗುತ್ತದೆ. ಬದಲಾಗದಿದ್ದರೆ ನಾಲಗೆಯ ನೂಕಿಗೆ ಮುಂಹಲ್ಲುಗಳು ಚದರುವುವೆಂದು ಹಿಂದೆ ಬಲವಾಗಿ ನಂಬಿದ್ದರು. ನಮಗೆ ಲೆಕ್ಕ ಕೂಡಿಬರುವುದಿಲ್ಲ. ದಿನಕ್ಕೆ ೧೦೦೦ ಸಲ ನುಂಗಿದರೂ, ಸಲಕ್ಕೊಂದು ಸೆಕೆಂಡಿನಂತೆ, ಒಟ್ಟು ಕಾಲು ಗಂಟೆಗೆ ತುಸು ಹೆಚ್ಚು, ಅಷ್ಟೆ. ಎಲುಬು ಕಲ್ಲಿನಂತೆ ಪೆಟ್ಟಿಗೆ ಮಣಿಯುವುದಲ್ಲ. ಗಂಟೆಗಟ್ಟಲೆ ನಿಲ್ಲುವ ಮೆಲ್ಲನೆಯ ಒತ್ತಡಕ್ಕೆ ಮಣಿಯುತ್ತದೆ. ಆದುದರಿಂದ ನುಂಗುವಾಗ ನಾಲಗೆ ಎಲ್ಲಿ ಹೋಗುತ್ತದೆಂಬುದಕ್ಕಿಂತ, ಸುಮ್ಮನಿರುವಾಗ, ನಿದ್ರಿಸುವಾಗ ಎಲ್ಲಿರುತ್ತದೆಂಬುದನ್ನೇ ತಾಯಂದಿರು ಗಮನಿಸಬೇಕು.

ಗಮನಿಸುವುದೆಂದರೆ ಗದರಿಸುವುದಲ್ಲ. ನಮ್ಮ ಮನೆಯ ಹುಡುಗನೊಬ್ಬನನ್ನು "ಬಾಯಿ ಮುಚ್ಚೋ" ಎಂದು ನಾವು ಎರಡು ವರ್ಷ ಗದರಿಸಿದೆವು. ರಾತ್ರಿ ಅವನ ಗೊರಕೆಯನ್ನು ಕೇಳಿ ನಕ್ಕೆವು. ಕಡೆಗೆ ವೈದ್ಯರು ನೋಡಿದಾಗ ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬ ಗ್ರಂಥಿ ಬೆಳೆದು ದಾರಿಯನ್ನೇ ಕಟ್ಟಿಹಾಕಿತ್ತು. ನಮ್ಮ ಮಾತಿನಂತೆ ಬಾಯಿ ಮುಚ್ಚಿದ್ದರೆ ಅವನು ಉಸಿರಾಡುವುದೆಲ್ಲಿಂದ? ಚಿಕಿತ್ಸೆಯಾದ ಮೇಲೆ ತುಟಿ ಕೂಡಿಸಿಕೊಂಡೇ ಮಲಗುತ್ತಾನೆ. ಅಷ್ಟರಲ್ಲಿ ಮುಂಹಲ್ಲುಗಳು ಮುಂದಕ್ಕೆ ಬಂದು ನಿಂತಿದ್ದವು. ಅವುಗಳಿಗೆ ಈಗ ತಂತಿ ಕಟ್ಟಿಸಿದ್ದೇವೆ.