ಬಜ್ಪೆಗೆ ಎಷ್ಟು ಹೊತ್ತು?

ಮಂಗಳೂರಿನ ಫಳ್ನೀರಿನಲ್ಲಿ ನಮ್ಮ ನೆರೆಮನೆಯ ವೃದ್ಧರೊಬ್ಬರು ಕಳೆದ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಮಗನನ್ನು ಕರೆಯಿಸಿಕೊಳ್ಳುವುದು ಲೇಸೆಂದು ವೈದ್ಯರು ಹೇಳಿದರು. ಒಬ್ಬನೇ ಮಗ, ಅವನಿರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸೋಮವಾರ ಸಂಜೆ ನಾಲ್ಕು ಗಂಟೆಗೆ ಅಲ್ಲಿಂದ ಹೊರಡುವೆನೆಂದು ವರ್ತಮಾನ ಬಂದಿತು. ವೃದ್ಧರ ಪತ್ನಿ ನಮ್ಮಲ್ಲಿಗೆ ಬಂದು, “ಮಾಸ್ಟ್ರೇ, ಅವ ಎಷ್ಟು ಹೊತ್ತಿಗೆ ಮುಟ್ಟಿಯಾನು?” ಎಂದು ಕೇಳಿದರು. ಪಾಠ ಹೇಳುವ ಅಭ್ಯಾಸಬಲದಿಂದ ನಾವು, ನೇರವಾಗಿ ಎಣಿಸಿದರೆ ಸುಮಾರು 14,100 ಕಿಲೋಮೀಟರ್ ಎಂದು ಉತ್ತರವಿತ್ತೆವು. ಆಕೆ ಕೇಳಿದ್ದು ದೂರವನ್ನಲ್ಲ.

ಶ್ರೋತೃಗಳೆ, ದೂರವನ್ನು ಬಲ್ಲವನು ಹೊತ್ತನ್ನೂ ಬಲ್ಲನೆಂಬ ಭ್ರಾಂತಿ ಓದಿದವರಲ್ಲಿಯೇ ಹೆಚ್ಚು. ದೂರವನ್ನು ಅಳೆಯುವುದಕ್ಕೆ ಒಂದು ಭೂಗೋಳವೂ ಒಂದು ದಾರವೂ ಸಾಕು. ಮಗನು ಬರುವ ದಾರಿ ದುಬೈ ಮಾರ್ಗವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ದಾರವನ್ನು ಬಿಗಿದು ಹಿಡಿದರೆ ಅದು ಅಟ್ಲಾಂಟಿಕ್ ಸಾಗರದ ಕಡೆಗೆ ಹೋಗುವುದೇ ಇಲ್ಲ. ಹೆಚ್ಚುಕಡಿಮೆ ಉತ್ತರ ಧ್ರುವದ ಮೇಲೆಯೇ ಹಾಯುತ್ತದೆ. ಗೋಡೆಯ ಭೂಪಟವನ್ನು ನೋಡಿ ಬೆಳೆದ ನಮಗೆ ಇದು ನಂಬಲಾಗದ ಮಾತು. ಆ ದಾರದ ಅಳತೆ ಸುಮಾರು 13,000 ಕಿಲೋಮೀಟರ್. ದುಬೈಯಿಂದ ಬಜ್ಪೆಗೆ ಮತ್ತೆ 2,460. ಈ ಅಂಕಿಗಳು ಎಂದಿಗೂ ಬದಲಾಗವು.

ಹೊತ್ತು ಹಾಗಲ್ಲ. ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯು ಒಂದು ವಿಮಾನವನ್ನು ಮುಂದಕ್ಕೆ ನೂಕಿ, ಎದುರಾಗಿ ಬರುವುದನ್ನು ತಡೆಯುತ್ತದೆ. ರಾಜ್ಯಗಳ ಜಗಳವೂ ಲೆಕ್ಕಕ್ಕೆ ಬರುತ್ತದೆ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಬಳಸಿ ಹಾರಬೇಕಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಮೋಸಮಾಡುವುದು ಗಡಿಯಾರ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ವಿಮಾನವೊಂದು, ಮಹಿಳಾ ವೈಮಾನಿಕರ ಕೈಯಲ್ಲಿ, ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಹಾರಿತು. ಇಳಿದದ್ದು ಸೋಮವಾರ ಬೆಳಗಿನ ಜಾವ. ಪಂಚಾಂಗದಲ್ಲಿ ಭಾನುವಾರವೇ ಮಾಯವಾಯಿತು. ಹಾರಿದ ಹೊತ್ತಾದರೋ ಸುಮಾರು 17 ಗಂಟೆ.

ಆದುದರಿಂದ ಆಕೆಯ ಮುಂದೆ ಕಾಗದ ಹಿಡಿದು ಕುಳಿತೆವು. ಬೇಸಗೆಯ ತಿಂಗಳುಗಳಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ಸಂಜೆ ನಾಲ್ಕೆಂದರೆ ಫಳ್ನೀರಿನಲ್ಲಿ ಮಂಗಳವಾರ ಬೆಳಗಿನ ನಾಲ್ಕೂವರೆ. ದುಬೈಗೆ ಹದಿನಾರು ಗಂಟೆ, ಅಲ್ಲಿ ಕಾಯುವುದು ನಾಲ್ಕೂವರೆ ಗಂಟೆ, ಬಜ್ಪೆಗೆ ಮೂರೂಕಾಲು. ಬುಧವಾರ ಬೆಳಗಿನ ನಾಲ್ಕೂಕಾಲು. “ಹಾಗಾದರೆ ಎರಡು ದಿನ ಅಲ್ಲ, ಒಂದೇ ದಿನ,” ಎಂದು ಆಕೆ ಉಸಿರುಬಿಟ್ಟರು.

ಕೆಂಜಾರಿನ ಗುಡ್ಡದ ಮೇಲೆ ಆ ಬೆಳಗ್ಗೆ ಮೋಡ ಕವಿದಿತ್ತು. ಬಜ್ಪೆಯಲ್ಲಿ ಇಳಿಯಲಾರದೆ ವಿಮಾನವು ಬೆಂಗಳೂರಿಗೆ ಹೋಗಿ, ಮಳೆ ಬಿಟ್ಟ ಮೇಲೆ ಹಿಂತಿರುಗಿತು. ಮಗನು ಮನೆಯ ಮೆಟ್ಟಿಲು ಹತ್ತಿದಾಗ ಹತ್ತು ಗಂಟೆ ದಾಟಿತ್ತು. ತಂದೆಗೆ ಎಚ್ಚರವಿತ್ತು, ಮಗನ ಕೈಯನ್ನು ಹಿಡಿದುಕೊಂಡರು.

ಎರಡು ವಾರದ ಬಳಿಕ ಅವನು ಹೊರಡುವಾಗ ತಾಯಿ ಮತ್ತೆ ನಮ್ಮನ್ನು ಕೇಳಿದರು. ನಡುರಾತ್ರಿ ದಾಟಿ ಬಜ್ಪೆ ಬಿಟ್ಟವನು ಅದೇ ತಾರೀಖಿನ ಮಧ್ಯಾಹ್ನ ಅಲ್ಲಿ ಇಳಿಯುವನೆಂದೆವು. ಈ ಬಾರಿ ಆಕೆ ನಮ್ಮ ಲೆಕ್ಕವನ್ನು ನಂಬಲಿಲ್ಲ.