ಸೀಟು ಸಿಕ್ಕಿತು, ಕಾಲೇಜು ಯಾವುದು?

(ಕಮಲಾಪುರದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಸಾರ)



ಮಗಳಿಗೆ ಸಿಇಟಿಯಲ್ಲಿ ಸೀಟು ಬಂತಂದ್ರ ನಾವು ಪೇಡೆ ಹಂಚ್ತೀವಿ. ನಿಜವಾದ ಪ್ರಶ್ನೆ ಆಮೇಲೆ ಬರುತ್ತದೆ. ಕಲಬುರಗಿಯ ಕಾಲೇಜೋ, ಬೆಂಗಳೂರಿನದೋ? ಕೆಲವೇ ದಿನದಾಗ ಉತ್ತರ ಹೇಳಬೇಕು.

ನಾಲ್ಕು ದಾರಿ ಇವೆ:
1. ಒಪ್ಪಿ ಸೇರುವುದು.
2. ಸೀಟು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು.
3. ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು.
4. ಪೂರ್ತಿ ಹೊರಬರುವುದು.

ಎರಡನೆಯದರಲ್ಲಿ ಎಚ್ಚರ ಇರಲಿ. ಮೇಲಿನ ಸೀಟು ಸಿಕ್ಕರೆ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತದೆ. ಕಳಿಸಲಾಗದ ಊರಿನ ಕಾಲೇಜನ್ನು ಪಟ್ಟಿಯಲ್ಲಿ ಮೇಲಿಟ್ಟರೆ ಇದ್ದದ್ದೂ ಹೋಯಿತು.

ಹತ್ತಿರದ ಕಾಲೇಜು ಅಂದ್ರ ಕಡಿಮೆ ಅನ್ನಬ್ಯಾಡ್ರಿ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. 371(ಜೆ) ವಿಧಿಯಂತೆ ನಮ್ಮ ಭಾಗದ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಮೀಸಲಿದೆ. ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಸಂಘದ ಲೆಕ್ಕದಂತೆ ಹಾಳೆ ಹಿಡಿದು ಫೀ, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಬರೆಯಿರಿ. ಒಂದು ವರ್ಷದ್ದಲ್ಲ, ನಾಲ್ಕೂ ವರ್ಷದ್ದು. ಕಮಲಾಪುರದಿಂದ ಓಡಾಡಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ.

ಆದರೆ ಖರ್ಚೊಂದನ್ನೇ ನೋಡಿ ನಾವೂ ತಪ್ಪಿದ್ದೇವೆ. ಒಬ್ಬ ತಾಯಿಗೆ "ಹತ್ತಿರದ್ದೇ ಸಾಕು" ಅಂದೆವು, ಮಗಳನ್ನು ಕೇಳಲೇ ಇಲ್ಲ. ಅವಳಿಗೆ ಬೇಕಾದ ವಿಷಯ ಅಲ್ಲಿರಲಿಲ್ಲ. ಇನ್ನು ಮುಂದ ಹಂಗ ಮಾಡೋದು ಬ್ಯಾಡ. ಮಗಳನ್ನ ಪಕ್ಕದಾಗ ಕೂಡಿಸಿಕೊಂಡೇ ಹಾಳೆ ಬರೀರಿ. ಕಾಲೇಜಿಗೆ ಹೋಗಿ, ಅಲ್ಲಿ ಓದೋ ಹುಡುಗ್ಯಾರನ್ನ ಮಾತಾಡಿಸಿ ಬರ್ರಿ.