ಎದುರು ಪಕ್ಷದವರು ಕೊಟ್ಟ ಕುರ್ಚಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಯುವಕರು ಮತ್ತು ರಾಜಕೀಯ’. ಅದರಾಗ ಒಂದೇ ಮಾತು ಹೇಳತೀನಿ. ಚುನಾವಣೆಯಲ್ಲಿ ನಮ್ಮ ವಿರುದ್ಧ ನಿಂತವರು, ಗೆದ್ದ ಮ್ಯಾಲೆ ನಮ್ಮನ್ನೇ ಕರೆದು ಕುರ್ಚಿ ಕೊಟ್ಟರೆ ಅದಕ್ಕೇನು ಅರ್ಥ? ಇದು ಬರೀ ಗ್ರಾಮ ಪಂಚಾಯಿತಿಯ ಪ್ರಶ್ನೆ ಅಂತ ತಿಳೀಬ್ಯಾಡ್ರಿ. ಅಮೆರಿಕದ ಅಧ್ಯಕ್ಷರ ಮನೆಯಲ್ಲೂ ಇದೇ ಲೆಕ್ಕ ನಡೀತದ. ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮೂರಿಗೆ ಬರೋಣ.

ಮ್ಯಾಸಚೂಸೆಟ್ಸ್ ಅಂತ ಅಲ್ಲೊಂದು ರಾಜ್ಯ. ಅಲ್ಲಿಯ ಕೆನಡಿ ಮನೆತನಕ್ಕೂ ಲಾಜ್ ಮನೆತನಕ್ಕೂ ಹಳೇ ಪೈಪೋಟಿ. 1916ರ ಸೆನೆಟ್ ಚುನಾವಣೆಯಲ್ಲಿ ಲಾಜ್ ಅವರ ಅಜ್ಜ, ಕೆನಡಿಯವರ ತಾಯಿಯ ತಂದೆಯನ್ನು ಸೋಲಿಸಿದರು. 1952ರಲ್ಲಿ ಜಾನ್ ಕೆನಡಿ ಅದೇ ಸ್ಥಾನದಿಂದ ಮೊಮ್ಮಗ ಹೆನ್ರಿ ಕ್ಯಾಬಟ್ ಲಾಜ್ ಅವರನ್ನು ಇಳಿಸಿದರು. 1960ರಲ್ಲಿ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಎದುರಾಳಿ ನಿಕ್ಸನ್ ಜೋಡಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು ಇದೇ ಲಾಜ್. ಆಗಲೂ ಸೋತರು. ನಮ್ಮೂರ ಎರಡು ಪ್ಯಾನೆಲ್‌ಗಳ ಕತಿ ಇದ್ದಂಗೇ ಅದ ನೋಡ್ರಿ.

ಇಂಥಾ ಲಾಜ್ ಅವರನ್ನು 1963ರಲ್ಲಿ ಕೆನಡಿಯವರೇ ದಕ್ಷಿಣ ವಿಯೆಟ್ನಾಂಗೆ ರಾಯಭಾರಿಯಾಗಿ ಕಳಿಸಿದರು. ಯಾಕೆ? ಲಾಜ್ ಅವರಿಗೆ ಫ್ರೆಂಚ್ ಬರುತ್ತಿತ್ತು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ ಅನುಭವ ಇತ್ತು. ಇದು ಖರೇ. ಆದರೆ ಆಗ ವಿಯೆಟ್ನಾಂ ಅಂದರೆ ಕೈಯಾಗಿನ ಕೆಂಡ. ಅಮೆರಿಕ ಬೆನ್ನಿಗೆ ನಿಂತಿದ್ದ ಅಲ್ಲಿಯ ಸರಕಾರ ಬೌದ್ಧರ ಮೇಲೆ ದಬ್ಬಾಳಿಕೆ ನಡೆಸಿತ್ತು. ಆ ವರ್ಷ ಜೂನ್ 11ರಂದು ಭಿಕ್ಷು ಥಿಕ್ ಕ್ವಾಂಗ್ ಡುಕ್ ಸೈಗಾನ್ ನಗರದ ರಸ್ತೆಯಲ್ಲಿ ಕುಳಿತು ಬೆಂಕಿಗೆ ದೇಹ ಒಪ್ಪಿಸಿದರು. ಆ ಫೋಟೋ ಲೋಕವೆಲ್ಲ ನೋಡಿತು. ಇಂಥಾ ಹೊತ್ತಿನಲ್ಲಿ ಎದುರು ಪಕ್ಷದ ದೊಡ್ಡ ಮನುಷ್ಯ ಅಲ್ಲಿದ್ದರೆ, ನಾಳೆ ಕೆಲಸ ಕೆಟ್ಟಾಗ ಆ ಪಕ್ಷ ಅಧ್ಯಕ್ಷರ ಮ್ಯಾಲೆ ಕೈ ಎತ್ತೋದು ಹ್ಯಾಂಗ? ‘ನಿಮ್ಮ ಮನುಷ್ಯನೂ ಅಲ್ಲೇ ಇದ್ದನಲ್ಲ’ ಅಂದರೆ ಮುಗೀತು. ಹಣ್ಣು ಹಂಚಿಕೊಳ್ಳೋಕೆ ಕರೆದದ್ದಲ್ಲ ಅದು, ಬೈಗುಳ ಹಂಚಿಕೊಳ್ಳೋಕೆ ಕರೆದದ್ದು.

ಇನ್ನೊಂದು ಉದಾಹರಣೆ ಹತ್ತಿರದ್ದು. ಯೂಟಾ ರಾಜ್ಯದ ಗವರ್ನರ್ ಜಾನ್ ಹಂಟ್ಸ್‌ಮನ್, ರಿಪಬ್ಲಿಕನ್ ಪಕ್ಷದವರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂಗ, ಜನರೇ ಆರಿಸತಾರ. 2012ರ ಚುನಾವಣೆಗೆ ಇವರು ಎದುರು ನಿಂತರೆ ಸ್ವಲ್ಪ ದಿಗಿಲೇ ಅಂತ ಒಬಾಮಾ ಅವರ ಪ್ರಚಾರ ನಡೆಸಿದ್ದ ಡೇವಿಡ್ ಪ್ಲೌಫ್ ಬಹಿರಂಗವಾಗಿ ಹೇಳಿದ್ದರು. ಆ ಸುಮಾರಿಗೇ, 2009ರ ಮೇ 16ರಂದು, ಹಂಟ್ಸ್‌ಮನ್ ಅವರನ್ನು ಚೀನಾಕ್ಕೆ ರಾಯಭಾರಿ ಮಾಡುವುದಾಗಿ ಒಬಾಮಾ ಘೋಷಿಸಿದರು. ಹಂಟ್ಸ್‌ಮನ್ ಅವರಿಗೆ ಚೀನೀ ಭಾಷೆ ಚೆನ್ನಾಗಿ ಬರುತ್ತಿತ್ತು. ಯೋಗ್ಯತೆಯ ಬಗ್ಗೆ ಅನುಮಾನ ಇಲ್ಲ. ಆದರೆ ರಾಯಭಾರಿ ಆದವರು ಸ್ವಂತ ಮಾತು ಆಡೋ ಹಂಗಿಲ್ಲ. ಸರಕಾರದ ಮಾತೇ ಅವರ ಮಾತು. ದೇಶದೊಳಗಿನ ಸಭೆ, ಟೀಕೆ, ಸಂಘಟನೆ ಎಲ್ಲದರಿಂದ ದೂರ.

2011ರ ಏಪ್ರಿಲ್ ಕೊನೆಗೆ ಹುದ್ದೆ ಬಿಟ್ಟು ಬಂದು, ಜೂನ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ತಾನೂ ಸ್ಪರ್ಧಿ ಅಂದರು. ಆದರೆ ಅವರ ಪಕ್ಷದವರೇ ನಂಬಲಿಲ್ಲ. ನಾವು ಇಲ್ಲಿ ಹೋರಾಡುವಾಗ ನೀವು ಚೀನಾದಲ್ಲಿ ಒಬಾಮಾ ಅವರ ನೀತಿ ನಡೆಸುತ್ತಿದ್ದಿರಿ ಎಂಬರ್ಥದ ಮಾತನ್ನು ಮಿಟ್ ರಾಮ್ನಿ ಚರ್ಚೆಯ ವೇದಿಕೆ ಮೇಲೆಯೇ ಆಡಿದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೂರನೇ ಸ್ಥಾನ ಬಂತು. 2012ರ ಜನವರಿ 16ಕ್ಕೆ ಕಣದಿಂದ ಹಿಂದೆ ಸರಿದರು.

ಒಬಾಮಾ ಅವರ ಮನಸ್ಸಿನಾಗ ಏನಿತ್ತು? ಒಳಗಿನ ಮಾತು ಯಾರೂ ಬರೆದುಕೊಡೋದಿಲ್ಲ. ನಾವು ಫಲ ನೋಡಿ ಲೆಕ್ಕ ಹಾಕಬೇಕು. ಎದುರಾಳಿ ಕಣದಿಂದ ದೂರ ಹೋದ, ಅವನ ಮಂದಿಗೇ ಅವನ ಮ್ಯಾಲೆ ಅನುಮಾನ ಬಂತು, ಕೊಟ್ಟವರಿಗೆ ‘ದೊಡ್ಡ ಮನಸ್ಸು’ ಅನ್ನೋ ಹೆಸರು ಬಂತು. ಒಂದು ಕುರ್ಚಿಗೆ ಮೂರು ಲಾಭ.

ಈಗ ನಮ್ಮೂರಿಗೆ ಬರೋಣ. ಇದು ನನ್ನದೇ ಕತಿ.

ನಮ್ಮ ಸ್ಮಶಾನದ ದಾರಿ ಹೊಲದ ನಡುವೆ. ಬೆಳೆ ಇದ್ದಾಗ ಮುಳ್ಳು ಹಚ್ಚತಿದ್ದರು. ಮಳೆಗಾಲದಾಗ ಹೆಣ ಹೊತ್ತು ಮೊಣಕಾಲುದ್ದ ಕೆಸರಾಗ ನಡೀಬೇಕು. ನಾನು ತಹಶೀಲ ಕಚೇರಿಗೆ ಅರ್ಜಿ ಮ್ಯಾಲೆ ಅರ್ಜಿ ಕೊಟ್ಟೆ, ಚುನಾವಣೆಯಲ್ಲಿ ಆಳುವ ಪ್ಯಾನೆಲ್ ವಿರುದ್ಧ ಮನೆಮನೆ ತಿರುಗಿದೆ. ಅವರು ಗೆದ್ದರು. ಗೆದ್ದ ಮ್ಯಾಲೆ ಗ್ರಾಮಸಭೆಯಲ್ಲಿ ನನ್ನನ್ನೇ ತಂಟಾಮುಕ್ತಿ ಸಮಿತಿಗೆ ಅಧ್ಯಕ್ಷ ಮಾಡಿದರು! ಪೇಟಾ ಸುತ್ತಿದರು, ಓಣಿಯಾಗ ಪಟಾಕಿ ಹಾರಿತು, ನಮ್ಮವ್ವ ಆರತಿ ಮಾಡಿದಳು. ತಂಟೆ ಎಬ್ಬಿಸುವವನನ್ನೇ ತಂಟೆ ಆರಿಸೋ ಕೆಲಸಕ್ಕೆ ಹಚ್ಚಿದರು ಅಂತ ನನಗೆ ಆಗ ಹೊಳೀಲಿಲ್ಲ. ದಾರಿಯ ಮಾತು ತೆಗೆದಾಗೆಲ್ಲ ‘ಅಧ್ಯಕ್ಷರೇ, ಊರಿಗೆ ಬಹುಮಾನ ಬರಬೇಕಲ್ಲ, ನೀವೇ ಜಗಳ ತೆಗೆದರ ಹ್ಯಾಂಗ?’ ಅನ್ನುವರು. ನಾನು ಸುಮ್ಮನಾಗತಿದ್ದೆ. ಒಂದು ಮಳೆಗಾಲ ನಮ್ಮ ಓಣಿಯ ಒಬ್ಬ ಮುದುಕಿ ತೀರಿಕೊಂಡಳು. ಮುಳ್ಳಿನ ಬೇಲಿ ಮುಂದ ಹೆಣ ಇಳಿಸಿ ಅವಳ ಮಗ ನನ್ನ ಕಡೆ ತಿರುಗಿ ಕೇಳಿದ: ‘ಅಣ್ಣಾ, ಈಗ ನೀ ಯಾರ ಕಡೆ?’ ನನ್ನ ಬಾಯಿಂದ ಮಾತು ಬರಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಾಜೀನಾಮೆ ಕೊಟ್ಟೆ. ಆ ದಾರಿ ಇವತ್ತಿಗೂ ಅರ್ಧವೇ ಆಗೇದ.

ಹಂಗಾದರೆ ಎದುರಾಳಿ ಕೊಟ್ಟ ಕುರ್ಚಿ ಮುಟ್ಟಲೇಬಾರದೇ? ಹಂಗಲ್ಲ. ಬಾಬಾಸಾಹೇಬರನ್ನು ನೋಡ್ರಿ. ಕಾಂಗ್ರೆಸ್ಸು ಅಸ್ಪೃಶ್ಯರಿಗೆ ಏನು ಮಾಡಿತು ಅಂತ 1945ರಲ್ಲಿ ಪುಸ್ತಕವನ್ನೇ ಬರೆದವರು ಅವರು. 1947ರಲ್ಲಿ ನೆಹರೂ ಮಂತ್ರಿಮಂಡಳದಲ್ಲಿ ಕಾನೂನು ಮಂತ್ರಿ ಆದರು. ಕರೆದವರಿಗೆ ಅವರದೇ ಲೆಕ್ಕ ಇದ್ದಿರಬಹುದು. ಬಾಬಾಸಾಹೇಬರಿಗೂ ಒಂದು ಕೆಲಸ ಇತ್ತು. ಸಂವಿಧಾನದ ಕರಡು ಸಮಿತಿ ನಡೆಸಿದರು. ಹಿಂದೂ ಕೋಡ್ ಬಿಲ್ ಪಾಸಾಗೋದಿಲ್ಲ ಅಂತ ಕಂಡಾಗ 1951ರ ಸಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಸುಮ್ಮನೆ ಹೋಗಲಿಲ್ಲ, ಪರಿಶಿಷ್ಟರನ್ನು ಸರಕಾರ ಕಡೆಗಣಿಸಿದ್ದನ್ನೂ ಸೇರಿಸಿ ಕಾರಣಗಳನ್ನು ಜನರ ಮುಂದಿಟ್ಟರು. ಮುಂದಿನ ಚುನಾವಣೆಯಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಅಭ್ಯರ್ಥಿ ಎದುರು ಸೋತರು. ಆದರೆ ‘ನೀವು ಯಾರ ಕಡೆ’ ಅಂತ ನಮ್ಮ ಜನ ಅವರನ್ನು ಕೇಳಬೇಕಾಗಲಿಲ್ಲ.

ನನಗೂ ಅವರಿಗೂ ಇರೋ ಅಂತರ ಇಷ್ಟೇ. ನಾನು ಪೇಟಾ ನೋಡಿ ಕುಳಿತೆ. ಅವರು ಕೆಲಸ ನೋಡಿ ಕುಳಿತರು, ಕೆಲಸ ನಿಂತಾಗ ಎದ್ದರು.

ತಮ್ಮಂದಿರೇ, ತಂಗಿಯರೇ, ಪಂಚಾಯಿತಿಗೆ, ಸೊಸಾಯಿಟಿಗೆ, ಶಾಲಾ ಸಮಿತಿಗೆ ನಾಳೆ ನಿಮ್ಮನ್ನೂ ಕರೀತಾರ. ಹೋಗ್ರಿ. ಹೋಗೋಕೂ ಮೊದಲು ಸಂಘದ ಮುಂದೆ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ರಿ. ಈ ಕುರ್ಚಿ ಈಗಲೇ ಯಾಕೆ, ನನಗೇ ಯಾಕೆ? ಇದರಾಗ ಕೂತರೆ ಯಾವ ಮಾತು ಆಡೋಕೆ ಆಗೋದಿಲ್ಲ? ಯಾವ ಕೆಲಸ ಆಗದಿದ್ದರೆ ನಾನು ಎದ್ದು ಬರಬೇಕು? ಮೂರನೇದರ ಉತ್ತರ ಎಲ್ಲರೆದುರು ಹೇಳಿ, ಸಂಘದ ವಹಿಯಾಗ ಬರೆಸಿ ಹೋಗ್ರಿ. ಆಗ ಎದ್ದು ಬರುವ ದಾರಿ ಯಾರೂ ಮುಳ್ಳು ಹಚ್ಚಿ ಮುಚ್ಚೋದಿಲ್ಲ.

ಸ್ಮಶಾನದ ದಾರಿಯ ಅರ್ಜಿ ಈ ಸೋಮವಾರ ಮತ್ತೆ ಕೊಡೋದದ. ಎಲ್ಲರೂ ಬರ್ರಿ. ಜೈ ಭೀಮ್.